ಮಂಚದ ಕೆಳಗೆ ಕಾಫಿ

"ಭೂಮಿ ನಡುಗೋ ಊರ್ಗೆ ನಾನು ಎಣ್ಣು ಕೊಡಕಿಲ್ಲ," ಎಂದು ಚಲುವರಾಜು ಖಾರಾಬೂಂದಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ತಾಯಿ ಮಂಗಳಮ್ಮನ ಜೊತೆ ಬೆಸಗರಹಳ್ಳಿಗೆ ಹೆಣ್ಣು ನೋಡಲು ಬಂದಿದ್ದ ಅಶೋಕ್‌ಗೆ ಬಾಯಿ ಮುಚ್ಚಿಕೊಂಡಿರಲು ಬರಲಿಲ್ಲ. ಇಂಡೊನೇಷ್ಯಾದ ಹೋಟೆಲಿನಲ್ಲಿ ಅಡುಗೆ ಕೆಲಸ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಪುಣ್ಯಾತ್ಮ, ಹೋಟೆಲಿನ ಹಿಂದೆಯೇ ಜ್ವಾಲಾಮುಖಿ ಇದೆ, ಆಗಾಗ ನೆಲ ನಡುಗುತ್ತದೆ ಎಂದೂ ಸೇರಿಸಿದ್ದ.

"ಅಭ್ಯಾಸ ಆಗೋಯ್ತದೆ ಯಜಮಾನ್ರೇ."

"ಎಂತ ಅಭ್ಯಾಸನಪ್ಪ? ನಮ್ಮೂರ್ ನೆಲ ನೋಡು. ನಮ್ ತಾತನ ಕಾಲ್ದಿಂದ ಒಂದ್ ಸಲನೂ ಅಲ್ಲಾಡಿಲ್ಲ."

ಕಾಫಿ ತಂದ ಅರ್ಪಿತ ಬಾಗಿಲಲ್ಲೇ ನಿಂತಳು. ಹುಡುಗ ಅವಳಿಗೆ ಹಿಡಿಸಿಬಿಟ್ಟಿದ್ದ. ಅದು ಮಂಚದ ಮೇಲೆ ಕೂತಿದ್ದ ಅಜ್ಜಿ ಹೊಂಬಾಳಮ್ಮನಿಗೆ ಮಾತ್ರ ಗೊತ್ತಿತ್ತು. ಅಪ್ಪ ಒಮ್ಮೆ ಇಲ್ಲ ಅಂದರೆ ಮುಗಿಯಿತು.

ಆಗಲೇ ಅಟ್ಟದ ಮೇಲಿನ ಪಾತ್ರೆಗಳು ಗಲಗಲ ಎಂದವು. ಆಫಾಗಿದ್ದ ಫ್ಯಾನು ತೂಗಾಡಿತು. ನೆಲದೊಳಗೆ ಲಾರಿ ಹೋದಂತೆ ಗುಡುಗುಡು ಸದ್ದು.

"ಓಡ್ರಲಾ!" ಎಂದವರೇ ಚಲುವರಾಜು ಪಂಚೆ ಎತ್ತಿ ಹಿಡಿದು ಎಲ್ಲರಿಗಿಂತ ಮೊದಲು ತಿಪ್ಪೆಯ ಹತ್ತಿರ ಇದ್ದರು. ಅವರ ಹಿಂದೆ ಮಂಗಳಮ್ಮ, ಅವರ ಹಿಂದೆ ಟ್ರೇ ಸಮೇತ ಅರ್ಪಿತ. ಅಷ್ಟರಲ್ಲಿ ಎಲ್ಲ ನಿಂತೂ ಹೋಯಿತು.

"ಅವ್ವ ಎಲ್ಲಿ?" ಎಂದ ಚಲುವರಾಜು ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮಂಡಿನೋವಿನ ಮುದುಕಿ ಓಡುವುದೆಲ್ಲಿ ಬಂತು? ಎಲ್ಲರೂ ಒಳಗೆ ನುಗ್ಗಿದರು.

ಮಂಚದ ಕೆಳಗಿಂದ ನಾಲ್ಕು ಪಾದಗಳು ಹೊರಗೆ ಕಾಣುತ್ತಿದ್ದವು. ನೆಲ ನಡುಗಿದರೆ ಮೇಜಿನ ಕೆಳಗೋ ಮಂಚದ ಕೆಳಗೋ ಸೇರಿಕೊಳ್ಳುವುದು ಅಶೋಕ್ ಇಂಡೊನೇಷ್ಯಾದಲ್ಲಿ ಕಲಿತ ಪಾಠ. ಅಜ್ಜಿಯನ್ನೂ ಎಳೆದುಕೊಂಡು, ಅವರ ತಲೆಯ ಮೇಲೆ ದಿಂಬು ಹಿಡಿದಿದ್ದ.

"ಅವ್ವಾ, ನಿಂತೋಯ್ತು. ಈಚೆ ಬಾ."

"ಬರಕಿಲ್ಲ ಕಣ್ಲಾ. ಭೂಮಿ ನಡುಗೋ ಊರಿನ್ ಎಣ್ಣು ನಮಗ್ ಬ್ಯಾಡ ಅಂತ ಮಂಗಳಮ್ಮ ಅಂದ್ರೆ ಏನ್ಲಾ ಮಾಡ್ತೀಯೆ?"

ಚಲುವರಾಜು ಮಂಗಳಮ್ಮನ ಕಡೆ ತಿರುಗಿ, ಪಂಚೆ ಸರಿಮಾಡಿಕೊಂಡರು. "ನಮ್ಮೂರು ದಿನಾ ಇಂಗಿಲ್ಲ ಕಣಕ್ಕ. ನೀವು ಮನಸ್ಗೆ ಅಚ್ಕಬ್ಯಾಡಿ, ಒಪ್ಕಳಿ."

ಮಂಗಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟರು. ಅರ್ಪಿತಳಿಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಮಂಡಿಯೂರಿ, ಅರ್ಧ ಚೆಲ್ಲಿದ ಕಾಫಿಯನ್ನು ಮಂಚದ ಕೆಳಗೇ ಚಾಚಿದಳು. ಲೋಟ ಹಿಡಿದ ಅಶೋಕನ ಕೈ ಗಡಗಡ ನಡುಗುತ್ತಿತ್ತು.

"ಅಭ್ಯಾಸ ಆಗೋಯ್ತದೆ ಅಂದ್ರಿ?" ಎಂದಳು.

"ಅದು ಭೂಮಿ ವಿಷ್ಯಕ್ಕೆ ಯೋಳಿದ್ದು," ಎಂದ ಅಶೋಕ್, ಅವಳ ಮುಖ ನೋಡುತ್ತ.