ಜೋಡಿ ಬದಲಾವಣೆ

“ಈ ಕೋಣ ಓಡಿಸೋ ಬಸ್ಸಲ್ಲಿ ಟಿಕೆಟ್ ಹರಿಯೋದಕ್ಕಿಂತ ಮನೇಲಿ ಬೆರಣಿ ತಟ್ಟೋದೇ ಮೇಲು ಸಾರ್,” ಎಂದಳು ಕಂಡಕ್ಟರ್.

“ಹೋಗಿ ತಟ್ಟು. ನಿನ್ನ ಸೀಟಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ,” ಎಂದ ಡ್ರೈವರ್.

ಆ ಡಿಪೋದಲ್ಲಿ ತಿಂಗಳಿಗೊಮ್ಮೆ ಡ್ರೈವರ್ ಕಂಡಕ್ಟರ್ ಜೋಡಿ ಬದಲಾಗುತ್ತಿತ್ತು. ಜಗಳಗಂಟರಿಗೆ ಮಾತ್ರ ಮ್ಯಾನೇಜರ್ ಬೇರೆಯೇ ಮದ್ದು ಅರೆಯುತ್ತಿದ್ದರು. ಹೊಂದಿಕೊಳ್ಳುವ ತನಕ ಅವರಿಬ್ಬರಿಗೂ ಒಂದೇ ಬಸ್ಸು. ಈ ಇಬ್ಬರೂ ಹಾಗೇ ಹಲವು ತಿಂಗಳು ತಳ್ಳಿದ್ದರು. ಇವತ್ತು ಡ್ರೈವರ್ ಮ್ಯಾನೇಜರ್ ಸಾಹೇಬರ ಮೇಜಿನ ಮುಂದೆ ಕೈ ಮುಗಿದ.

“ನನ್ನನ್ನ ಬೇರೆ ಬಸ್ಸಿಗೆ ಹಾಕಿ ಸಾರ್, ಕಾಲಿಗೆ ಬೀಳ್ತೀನಿ,” ಎಂದ.

“ಬಿದ್ದರೂ ಅಷ್ಟೇ, ಎದ್ದರೂ ಅಷ್ಟೇ. ಈ ತಿಂಗಳೂ ಇವಳ ಜೊತೆಗೇ ಸಾಯಿ. ಇಬ್ಬರ ಸೊಕ್ಕೂ ಇಳೀಲಿ.”

ಕಂಡಕ್ಟರ್ ಬಾಗಿಲು ದಡಾರೆಂದು ಬಡಿದು ಹೊರಟಳು. ಸಾಹೇಬರು ಕೂಗಿದರೂ ತಿರುಗಿ ಬರಲಿಲ್ಲ. ಡ್ರೈವರ್ ಗೊಣಗುತ್ತ ಅವಳ ಹಿಂದೆ ನಡೆದ. ಬಸ್ಸಿನ ಮರೆಗೆ ಬಂದದ್ದೇ ತಡ, ಅವಳು ಡಬ್ಬಿ ತೆರೆದು ಅವನ ಕೈಗೆ ಹೋಳಿಗೆ ಇಟ್ಟಳು.

“ಕೋಣ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ನೀವು ಬೈಯಿರಿ, ನಾನು ಅಳ್ತೀನಿ.”