ಏಕಾದಶಿಯ ನೀಲಿ ತುಟಿ

ನಿರ್ಜಲ ಏಕಾದಶಿಯ ದಿನ ನಮ್ಮ ಅತ್ತೆ, ಮಾವ ಇಬ್ಬರೂ ಹನಿ ನೀರನ್ನೂ ಮುಟ್ಟುವುದಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ವ್ರತ ತಪ್ಪಿಲ್ಲವೆಂದು ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡಿದ್ದಾರೆ. ಈ ಸಲ ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ನೀಲಿಯಾಗಿತ್ತು.

"ಅತ್ತೆ, ನಿಮ್ಮ ತುಟಿಗೇನಾಯ್ತು?"

"ವಯಸ್ಸಾಯ್ತು ಕಣೇ ಅನಘಾ, ಬಣ್ಣ ಬದಲಾಗತ್ತೆ" ಎಂದು ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಹೀಗಾಗುತ್ತದೆಂದು ನಾನು ಓದಿದ್ದೆ. ಆಕ್ಸಿಮೀಟರ್ ತಂದು ಅವರ ಬೆರಳಿಗೆ ಸಿಕ್ಕಿಸಿದೆ. ತೊಂಬತ್ತೆಂಟು ತೋರಿಸಿತು. ನನಗೆ ಯಂತ್ರದ ಮೇಲೇ ಅನುಮಾನ ಬಂದು ಡಾಕ್ಟರಿಗೆ ಫೋನ್ ಮಾಡಿದೆ.

"ನಾಲಿಗೆ ನೋಡಿ. ಅದೂ ನೀಲಿಯಾಗಿದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದರು ಅವರು.

"ಅತ್ತೆ, ನಾಲಿಗೆ ತೋರಿಸಿ."

ಅತ್ತೆ ತುಟಿ ಬಿಗಿದು ತಲೆಯಾಡಿಸಿದರು.

"ನಿಮ್ಮ ದಮ್ಮಯ್ಯ, ಒಂದೇ ಒಂದ್ಸಲ."

"ವ್ರತದ ದಿನ ಹಾಗೆಲ್ಲ ಬಾಯಿ ತೆರೀಬಾರದು ಕಣೇ!"

ಅಷ್ಟು ಹೇಳುವುದರೊಳಗೆ ನಾನು ನೋಡಿಬಿಟ್ಟೆ. ನಾಲಿಗೆ ಬುಡದವರೆಗೂ ನೀಲಿಯಾಗಿತ್ತು. ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅತ್ತೆ ಒಂದು ನಿಮಿಷ ಯೋಚಿಸಿ, "ಆಯ್ತು, ಬರಲಿ. ಆಸ್ಪತ್ರೆಗೇ ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿದರು.

ದೇವರ ಮನೆಯಲ್ಲಿ ಜಪಕ್ಕೆ ಕೂತಿದ್ದ ಮಾವ, ಆಸ್ಪತ್ರೆಯ ಮಾತು ಕೇಳಿ ಗಾಬರಿಯಿಂದ ಓಡಿಬಂದರು.

"ಲೇ ಪದ್ದು, ನೇರಳೆಹಣ್ಣು ಇಬ್ಬರೂ ಒಂದೇ ಬುಟ್ಟೀಲಿ ತಾನೇ ತಿಂದಿದ್ದು, ನನಗೇನೂ ಆಗಿಲ್ವಲ್ಲೇ!"