ಅಪ್ಪ ಜೋಡಿಸಿದ ಎಂಜಿನ್

ಹಲ್ಲಿನ ಡಾಕ್ಟರಮ್ಮನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಮೂರನೆಯ ಸಲ ಗ್ಯಾರೇಜಿಗೆ ಬಂದದ್ದು ಹಗ್ಗ ಕಟ್ಟಿಸಿಕೊಂಡು, ತರಕಾರಿ ವ್ಯಾನೊಂದರ ಹಿಂದೆ.

"ದಿಬ್ಬ ಹತ್ತೋವಾಗ ಸುಸ್ತಾಗಿ ನಿಂತೇಬಿಡ್ತು," ಎನ್ನುತ್ತ ಆಕೆ ಇಳಿದಳು. "ಟ್ಯಾಂಕ್ ತುಂಬಿಸಿದ ದಿನ ಇನ್ನೂ ಬೇಗ ನಿಲ್ಲುತ್ತೆ. ಪೆಟ್ರೋಲಿಗೇ ಏನೋ ಬೆರೆಸ್ತಾರೆ ಅನ್ಸುತ್ತೆ."

"ಕುಣಿಯೋಕೆ ಬರದೋನು ನೆಲ ಡೊಂಕು ಅಂದನಂತೆ," ಎಂದ ಅಪ್ಪ, ಮೂಲೆಯ ಸ್ಟೂಲಿನಿಂದ ಏಳದೆ. "ಪೆಟ್ರೋಲನ್ನ ಯಾಕೆ ಬೈತೀರಿ ಡಾಕ್ಟ್ರಮ್ಮ? ಎಂಜಿನ್ ಜೋಡಿಸಿದೋನು ನಾನು."

ಮಗಳು ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. ಕೈ ನಡುಗಲು ಶುರುವಾದ ಮೇಲೆ ಅಪ್ಪ ಪೂರ್ತಿ ಬಿಚ್ಚಿ ಜೋಡಿಸಿದ ಎಂಜಿನ್ ಇದೊಂದೇ. ಎರಡು ತಿಂಗಳು ಅವಳನ್ನೂ ಹತ್ತಿರ ಬಿಟ್ಟುಕೊಳ್ಳದೆ ಒಂದೊಂದು ನಟ್ಟನ್ನೂ ತಾನೇ ಬಿಗಿದಿದ್ದ. ಆರು ವಾರ ಕುದುರೆಯ ಹಾಗೆ ಓಡಿದ ಕಾರಿಗೆ ಆಮೇಲೆ ಈ ರೋಗ. ಪ್ಲಗ್ಗು ಬದಲಿಸಿದ್ದಾಯಿತು, ಎರಡೂ ಕಾರ್ಬ್ಯುರೇಟರ್ ತೊಳೆದದ್ದಾಯಿತು, ಪೆಟ್ರೋಲನ್ನು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದು ನೋಡಿದ್ದೂ ಆಯಿತು. ಗ್ಯಾರೇಜಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಒಂದು ಕೆಮ್ಮೂ ಇಲ್ಲ.

"ನಮ್ಮಲ್ಲೂ ಇದೇ ಕಥೆ," ಎಂದಳು ಡಾಕ್ಟರಮ್ಮ. "ಮನೇಲಿ ಹಲ್ಲುನೋವು ಅಂತ ಗೋಡೆಗೆ ತಲೆ ಚಚ್ಕೊಳ್ತಾರೆ. ನನ್ನ ಕುರ್ಚಿ ಮೇಲೆ ಕೂತ ತಕ್ಷಣ ನೋವೇ ಇಲ್ಲ!"

ಅಪ್ಪ ನಗಲಿಲ್ಲ. "ಕಂಪ್ರೆಶನ್ ಗೇಜ್ ತಗೋ," ಎಂದ ಮಗಳಿಗೆ.

"ನಾಳೆ ನೋಡೋಣಪ್ಪ."

"ಎರಡು ಸಲ ನಾಳೆ ಅಂದೆ. ರಿಂಗು, ವಾಲ್ವು ಸರಿಯಾಗಿ ಕೂತಿಲ್ಲ ಅಂದ್ರೆ ಗೇಜು ಮುಚ್ಚಿಡಲ್ಲ. ಕೂತಿಲ್ಲ ಅಂತಾದ್ರೆ ಇನ್ನು ಈ ಕೈಗೆ ಸ್ಪ್ಯಾನರ್ ಬೇಡ. ಅಷ್ಟೇ ತಾನೆ."

ಅಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಗಳು ನಾಲ್ಕೂ ಸಿಲಿಂಡರಿನ ಪ್ಲಗ್ ಬಿಚ್ಚಿ, ಒತ್ತಡ ಅಳೆಯುವ ಗೇಜನ್ನು ಒಂದೊಂದಕ್ಕೇ ತಿರುಪಿದಳು. ಡಾಕ್ಟರಮ್ಮ ಕೀಲಿ ತಿರುಗಿಸಿದಾಗಲೆಲ್ಲ ಎಂಜಿನ್ ಧಬ್ ಧಬ್ ಎಂದು ಉಸಿರು ಬಿಟ್ಟಿತು, ಗೇಜಿನ ಮುಳ್ಳು ಮೇಲಕ್ಕೆ ಹತ್ತಿತು. ಅಪ್ಪ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳನ್ನು ದಿಟ್ಟಿಸುತ್ತ ಬೆನ್ನು ಹಾಕಿ ನಿಂತಿದ್ದ.

"ನೂರೈವತ್ತೈದು," ಎಂದಳು ಮಗಳು. "ನೂರೈವತ್ತೈದು... ನೂರೈವತ್ತು... ನೂರೈವತ್ತೈದು."

"ಮೂರನೇದು ಇನ್ನೊಂದ್ಸಲ ನೋಡು."

"ನೂರೈವತ್ತೈದಪ್ಪ! ನಾಲ್ಕೂ ಒಂದೇ ಸಮ. ಹೊಸ ಎಂಜಿನ್ನಿಗೂ ಹೀಗೆ ಬರಲ್ಲ."

ಅಪ್ಪ ತಿರುಗಿದ. ಮುಖದ ಬಿಗಿ ಅರ್ಧ ಸಡಿಲಾಗಿತ್ತು, ಅರ್ಧ ಹಾಗೇ ಇತ್ತು. "ಹಾಗಿದ್ರೆ ಯಾಕೆ ನಿಲ್ಲುತ್ತೆ? ನಡಿ, ದಿಬ್ಬಕ್ಕೇ ಹೋಗಿ ಕೇಳೋಣ."

ಕಾರಿಗೆ ಇದ್ದದ್ದು ಎರಡೇ ಸೀಟು. ಗ್ಯಾರೇಜ್ ಕಾಯುವ ಕೆಲಸ ಡಾಕ್ಟರಮ್ಮನ ಪಾಲಿಗೆ ಬಂತು. ಊರು ದಾಟಿ, ದಿಬ್ಬ ಶುರುವಾಗಿ ಅರ್ಧ ಹತ್ತುವಷ್ಟರಲ್ಲಿ ಕಾರು ಮುಗ್ಗರಿಸಿತು. ಮಗಳು ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿತು. ಅಪ್ಪ ಕಣ್ಣು ಮುಚ್ಚಿ, ತನ್ನ ಯಾವ ನಟ್ಟು ಕೈಕೊಟ್ಟಿತೋ ಎಂದು ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟು ಕೂತಿದ್ದ. ಮಗಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ನಿಂತಲ್ಲಿ ತೊಂದರೆ ಇಲ್ಲ. ಹತ್ತು ನಿಮಿಷ ಓಡಿದರೆ ತೊಂದರೆ. ಟ್ಯಾಂಕ್ ತುಂಬಿದ್ದರೆ ಇನ್ನೂ ಬೇಗ...

ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಏದುಸಿರು ಬಿಡುತ್ತಿದ್ದ ಹಾಗೇ ಹಿಂದಕ್ಕೆ ಓಡಿದಳು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

ಉಸ್ಸ್ ಎಂದು ಟ್ಯಾಂಕು ಗಾಳಿಯನ್ನು ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆಲ್ಲ ಎಂಜಿನ್ ಚೇತರಿಸಿಕೊಂಡು ಗುಂಯ್ ಎನ್ನತೊಡಗಿತು.

"ಅಪ್ಪಾ, ಇಲ್ನೋಡು! ಮುಚ್ಚಳದಲ್ಲಿ ಗಾಳಿ ಕಿಂಡೀನೇ ಇಲ್ಲ! ಪೆಟ್ರೋಲ್ ಖರ್ಚಾದಷ್ಟೂ ಒಳಗೆ ಗಾಳಿ ಹೋಗ್ಬೇಕಲ್ಲ. ಹೋಗದೇ ಇದ್ರೆ ಪಂಪು ಎಷ್ಟು ಎಳೆದ್ರೆ ಏನು ಬಂತು?"

ಅವಳು ಅಲ್ಲಿಂದಲೇ ಗ್ಯಾರೇಜಿಗೆ ಫೋನ್ ಮಾಡಿದಳು. "ಡಾಕ್ಟ್ರಮ್ಮ, ಪೆಟ್ರೋಲ್ ಮುಚ್ಚಳ ಏನಾದ್ರೂ ಬದಲಾಯಿಸಿದ್ರಾ?"

"ಹೂಂ, ಹೋದ ತಿಂಗಳು. ಹಳೇದು ಗೀರು ಬಿದ್ದು ಅಸಹ್ಯವಾಗಿತ್ತು. ಹೊಸದು ಫಳಫಳ ಅಂತಿದೆ ಅಲ್ವಾ?"

ಅಪ್ಪನಿಗೆ ನಗು ಉಕ್ಕಿ ಬಂದು, ನಗುತ್ತ ನಗುತ್ತ ಕಣ್ಣಲ್ಲಿ ನೀರು ತುಂಬಿತು. "ಮಗು ಕಂಕುಳಲ್ಲೇ ಇತ್ತಲ್ಲೇ! ಊರೆಲ್ಲ ಹುಡುಕಿದ್ವಿ," ಎಂದು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

ಮುಚ್ಚಳವನ್ನು ಬಿಗಿಯದೆ ಸಡಿಲವಾಗಿಟ್ಟು ಹೊರಟರು. ಕಾರು ದಿಬ್ಬವನ್ನು ಸಲೀಸಾಗಿ ಹತ್ತತೊಡಗಿತು. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಕೇಳಿದ:

"ನಿಜ ಹೇಳು. ನಿಂಗೂ ನನ್ನ ಕೆಲಸದ ಮೇಲೆ ಅನುಮಾನ ಇತ್ತಾ?"

ಮಗಳು ಗೇರ್ ಬದಲಿಸಿದಳು. ಇಲ್ಲ ಎನ್ನುವುದು ಸುಲಭವಿತ್ತು.

"ಇತ್ತಪ್ಪ."

"ಸದ್ಯ!" ಎಂದ ಅಪ್ಪ. "ಅಪ್ಪ ಮಾಡಿದ್ದು ಅಂತ ಕಣ್ಣು ಮುಚ್ಕೊಂಡು ನಂಬಿಬಿಟ್ಟಿದ್ರೆ, ಗ್ಯಾರೇಜನ್ನ ನಿನ್ನ ಕೈಗೆ ಹೇಗಮ್ಮ ಬಿಡ್ಲಿ?"

ಉತ್ತರ ಕೊಡಲು ಅವಳು ಪಕ್ಕಕ್ಕೆ ತಿರುಗಿದಾಗ ಅಪ್ಪ, ಬೀಸುವ ಗಾಳಿಗೆ ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.